ಭಾಮಾ ಮೌಶಿ ಬರುವ ಗಾಡಿ

ಎಡಗೈಯ ತೋರುಬೆರಳಿಗೆ ಬಟ್ಟೆ ಸುತ್ತಿ ಗಂಟು ಹಾಕಿದ ಮೇಲೆ ಶ್ರೀವಿದ್ಯಾಳಿಗೆ ತನಗೆ ಇನ್ನೂ ಒಂಬತ್ತು ಬೆರಳುಗಳಿರುವುದು ನೆನಪಾಯಿತು. ಒಂದು ಬೆರಳಿಗೆ ಈಳಿಗೆ ತಾಕಿತು ಎನ್ನಬಹುದು, ಇನ್ನೊಂದು ಬಾಗಿಲಲ್ಲಿ ಸಿಕ್ಕಿತು ಎನ್ನಬಹುದು. ಹತ್ತು ಬೆರಳಿಗೆ ಹತ್ತು ಕಥೆ ಕಟ್ಟುವಷ್ಟು ಬುದ್ಧಿ ಇದ್ದಿದ್ದರೆ ಇಪ್ಪತ್ತು ವರ್ಷದಿಂದ ವಾಡಿಯ ಓಣಿಗಳಲ್ಲಿ ಆರೋಗ್ಯ ಇಲಾಖೆಯ ಭಾಷಣ ಮಾಡಿಕೊಂಡು ಯಾಕೆ ಇರುತ್ತಿದ್ದೆ ಎಂದುಕೊಂಡು ಬಟ್ಟೆ ಬಿಚ್ಚಿದಳು. ಗಡಿಯಾರದಲ್ಲಿ ನಾಲ್ಕು ಗಂಟೆ ಹತ್ತು ನಿಮಿಷ. ಐದಕ್ಕೆ ಸ್ಟೇಷನ್ನಿನ ಹೊರಗಿನ ಬೇವಿನ ಕಟ್ಟೆಗೆ ಲುಂಬಿನಿ ಸಕ್ಕರೆ ನೋಡುವ ಮಷಿನ್ ತರುತ್ತಾಳೆ. ಲುಂಬಿನಿ ವಾರ್ಡಿನ ಆಶಾ ಕಾರ್ಯಕರ್ತೆ, ಹೇಳಿದ ಕೆಲಸವನ್ನು ಹೇಳಿದ ದಿನವೇ ಮಾಡುವ ಹುಡುಗಿ. ಇವತ್ತು ಮೊದಲ ಸಲ ಶ್ರೀವಿದ್ಯಾಳಿಗೆ ಅವಳ ಮೇಲೆ ಸಿಟ್ಟು ಬಂತು. ಆರು ತಿಂಗಳಿಂದ ದಿನಾ ಸಂಜೆ ನಡೆದ ಹೆಂಗಸರ ರಕ್ತ ನೋಡಿ, ನಡೆದದ್ದರಿಂದ ಏನಾಯಿತು ಎಂದು ಕಲಬುರಗಿಗೆ ಬರೆದು ಕಳಿಸಬೇಕು. ಒಟ್ಟು ಹನ್ನೊಂದು ಹೆಸರು. ಮೊದಲನೆಯದು ಶ್ರೀವಿದ್ಯಾ, ನಲವತ್ತೇಳು ವರ್ಷ, ಗುಂಪಿನ ಮಾರ್ಗದರ್ಶಕಿ. ಬೆಳಿಗ್ಗೆ ಅಡುಗೆಮನೆಯ ಕದ ಹಾಕಿಕೊಂಡು ಮಾರ್ಗದರ್ಶಕಿ ಗುಟ್ಟಾಗಿ ಕೊಂಡಿಟ್ಟಿದ್ದ ಮಷಿನಿನಲ್ಲಿ ತನ್ನ ರಕ್ತ ನೋಡಿಕೊಂಡಾಗ ಇನ್ನೂರ ಮೂವತ್ತೆಂಟು ಇತ್ತು. ಗಾಬರಿಯಿಂದ ಒಲೆಯಿಂದ ಹಂಡೆಯವರೆಗೆ, ಹಂಡೆಯಿಂದ ಒಲೆಯವರೆಗೆ ಮುನ್ನೂರು ಸಲ ನಡೆದು ಮತ್ತೆ ನೋಡಿದಳು. ಇನ್ನೂರ ನಲವತ್ತೊಂದು ಆಗಿತ್ತು.

ಅಂಕಿಗಿಂತ ಹೆಚ್ಚಾಗಿ ಅವಳನ್ನು ಕಾಡುತ್ತಿದ್ದದ್ದು ಗೋಡೆ. ಗುಂಪಿನ ಅನಸುಬಾಯಿಯ ಎಮ್ಮೆ ಕೊಟ್ಟಿಗೆಯ ಹೊರಗೋಡೆಯ ಮೇಲೆ ಮೊಳದುದ್ದದ ನೀಲಿ ಅಕ್ಷರಗಳಲ್ಲಿ ಅವಳೇ ಬರೆಸಿದ ಮಾತಿತ್ತು: ದಿನಾ ಅರ್ಧ ತಾಸು ನಡೆಯುವ ಹೆಂಗಸಿಗೆ ಸಕ್ಕರೆ ಕಾಯಿಲೆ ಬರುವುದಿಲ್ಲ. ಮೇಲಿನಿಂದ ಬಂದ ಕಾಗದದಲ್ಲಿ ಇದ್ದದ್ದು ‘ಬರುವ ಸಂಭವ ಕಡಿಮೆಯಾಗುತ್ತದೆ’ ಎಂದು. ಸಂಭವ ಕಡಿಮೆ ಎಂದರೆ ಯಾವ ಹೆಂಗಸು ಎದ್ದು ಚಪ್ಪಲಿ ಹಾಕುತ್ತಾಳೆ? ಅದಕ್ಕೂ ಮೊದಲು ಅವಳು ಹೆದರಿಸಿ ನೋಡಿದ್ದಳು. ಕತ್ತರಿಸಿದ ಕಾಲಿನ ಚಿತ್ರ, ಮಂಜಾದ ಕಣ್ಣಿನ ಚಿತ್ರ, ಕೆಟ್ಟ ಕಿಡ್ನಿಯ ಚಿತ್ರ. ಹೆಂಗಸರು ಅವನ್ನು ಕೈಯಿಂದ ಕೈಗೆ ದಾಟಿಸಿ, ಕಿಡ್ನಿಯನ್ನು ಗೋಡಂಬಿಗೆ ಹೋಲಿಸಿ, ಕಾಲಿನ ಚಿತ್ರವನ್ನು ಮಾತ್ರ ಒಬ್ಬೊಬ್ಬರೂ ಒಂದೊಂದು ಕೇಳಿ ಮನೆಗೆ ಒಯ್ದಿದ್ದರು. ಹೆದರಿಕೆ ಕೆಲಸ ಮಾಡಿತು ಎಂದು ಅವಳಿಗೆ ಎಷ್ಟು ಹೆಮ್ಮೆಯಾಗಿತ್ತು. ಹೆದರಿಸಿದ ಮೇಲೆ ಭರವಸೆಯನ್ನೂ ಅಷ್ಟೇ ಗಟ್ಟಿಯಾಗಿ ಕೊಡಬೇಕಲ್ಲ ಎಂದು ‘ಸಂಭವ’ವನ್ನು ಹೊಡೆದು ಹಾಕಿ ‘ಬರುವುದಿಲ್ಲ’ ಎಂದು ಬರೆಸಿದಳು. ಪೇಂಟರ್ ಖಾಜಾಮಿಯಾ, ಬಣ್ಣ ಉಳಿಯಿತು ಮೇಡಂ ಎಂದು ಖುಷಿಪಟ್ಟಿದ್ದ. ಮಳೆಗಾಲ ಮುಗಿಯುತ್ತಲೇ ಅನಸುಬಾಯಿ ಆ ಗೋಡೆಗೆ ಸಾಲಾಗಿ ಕುಳ್ಳು ತಟ್ಟಿದಳು. ಸರಿಯಾಗಿ ‘ಬರುವುದಿಲ್ಲ’ದ ಮೇಲೆ ಬಿಸಿಲು ಚೆನ್ನಾಗಿ ಬೀಳುತ್ತಿತ್ತಂತೆ. ಸರಕಾರಿ ಬರಹದ ಮೇಲೆ ಸಗಣಿಯೇ ಎಂದು ಶ್ರೀವಿದ್ಯಾ ಅವತ್ತು ಜಗಳಕ್ಕೆ ಹೋಗಿದ್ದಳು. ಈಗ ಐದು ತಿಂಗಳಿಂದ ಆ ದಾರಿಯಲ್ಲಿ ಹೋಗುವಾಗಲೆಲ್ಲ ಕುಳ್ಳು ಇದ್ದಲ್ಲೇ ಇವೆಯೇ ಎಂದು ಕಳ್ಳನೋಟದಲ್ಲಿ ನೋಡಿಕೊಳ್ಳುತ್ತಾಳೆ.

ಐದು ತಿಂಗಳ ಹಿಂದೆ ಬಾಯಿ ಒಣಗುವುದು ಜಾಸ್ತಿಯಾಗಿ, ವಾಡಿಯಲ್ಲಿ ತೋರಿಸಿದರೆ ಸಂಜೆಯೊಳಗೆ ಸಂತೆಗೆಲ್ಲ ಗೊತ್ತಾಗುತ್ತದೆಂದು ಶಹಾಬಾದಿಗೆ ಹೋಗಿದ್ದಳು. ರಕ್ತ ಕೊಡುವಾಗ ಹೆಸರೇನು ಎಂದರು. ಬಾಯಿಗೆ ಬಂದದ್ದು ತೀರಿಹೋದ ಅತ್ತೆಯ ಹೆಸರು, ಭಾಮಾ. ಬೆಂಚಿನ ಮೇಲೆ ಕೂತು ತನ್ನ ಜಾಣತನವನ್ನು ತಾನೇ ಮೆಚ್ಚಿಕೊಳ್ಳುತ್ತಿರುವಾಗ ಒಳಗಿನಿಂದ ಭಾಮಾ ಯಾರ್ರಿ, ಭಾಮಾ ಎಂದು ನಾಲ್ಕು ಸಲ ಕೂಗಿದರು. ಅವಳೂ ಉಳಿದವರ ಜೊತೆ ಸುತ್ತಮುತ್ತ ನೋಡಿದಳು, ಆ ಭಾಮಾ ಎಂಬಾಕೆ ಎಷ್ಟು ದಡ್ಡಿ ಇರಬೇಕು ಎಂದು ಪಕ್ಕದವಳ ಜೊತೆ ನಕ್ಕೂ ನಕ್ಕಳು. ನಕ್ಕ ಮೇಲೆ ಆ ಭಾಮಾ ತಾನೇ ಎಂದು ನೆನಪಾಗಿ ಎದ್ದು ನಿಂತಳು. ಆವತ್ತಿನಿಂದ ತಿಂಗಳಿಗೊಮ್ಮೆ ಭಾಮಾ ಶಹಾಬಾದಿಗೆ ಹೋಗುತ್ತಾಳೆ, ಭಾಮಾಳ ಚೀಟಿ ತೋರಿಸಿ ಗುಳಿಗೆ ತರುತ್ತಾಳೆ, ಶ್ರೀವಿದ್ಯಾ ಅವನ್ನು ಅವಲಕ್ಕಿ ಡಬ್ಬಿಯ ತಳದಲ್ಲಿ ಇಡುತ್ತಾಳೆ. ಗಂಡ ರಾಘವೇಂದ್ರನಿಗೂ ಹೇಳಿಲ್ಲ. ಸೇಡಂನ ಶಾಲೆಗೆ ಪ್ರತಿದಿನ ರೈಲಿನಲ್ಲಿ ಹೋಗಿಬರುವ ಮಾಸ್ತರ ಅವನು. ಹೇಳಿದರೆ ಪ್ರೀತಿಯಿಂದ ತಾನೂ ಸಿಹಿ ಬಿಡುತ್ತಾನೆ, ಯಾಕೆ ಬಿಟ್ಟೆ ಎಂದು ರೈಲು ಡಬ್ಬಿಯಲ್ಲಿದ್ದವರೆಲ್ಲರಿಗೂ ವಿವರವಾಗಿ ಹೇಳುತ್ತಾನೆ. ಅಪ್ಪನಿಗಿತ್ತು, ಅಜ್ಜಿಗಿತ್ತು, ತನಗೂ ಬಂತು, ಇದರಲ್ಲಿ ಅವಮಾನವೇನು ಎಂದು ಬೇರೆಯವರಿಗಾದರೆ ಅವಳೇ ಹೇಳುತ್ತಿದ್ದಳು. ಚಿತ್ತಾಪುರದಲ್ಲಿ ಇಂಥದೇ ಗುಂಪು ಇತ್ತು. ಅದರಲ್ಲಿ ಎಲ್ಲರಿಗಿಂತ ಜೋರಾಗಿ ನಡೆಯುತ್ತಿದ್ದ ಒಬ್ಬಳಿಗೆ ಸಕ್ಕರೆ ಬಂದದ್ದೇ ತಡ, ನಡೆದು ಆದದ್ದೇನು ಎಂದು ಉಳಿದವರು ಮರುದಿನವೇ ಕೂತುಬಿಟ್ಟರು. ಇಲ್ಲೂ ಹಾಗೇ ಆದರೆ? ಇಪ್ಪತ್ತು ವರ್ಷದಲ್ಲಿ ಅವಳ ಮಾತು ಕೇಳಿ ಆರು ತಿಂಗಳು ಒಂದೇ ಕೆಲಸ ಮಾಡಿದವರು ಈ ಹತ್ತು ಹೆಂಗಸರು ಮಾತ್ರ.

ಆ ಹತ್ತು ಜನರನ್ನು ನಡೆಸಿದ್ದೇನು ಸುಲಭವಾಗಿರಲಿಲ್ಲ. ಮೊದಲ ದಿನ ಐವರನ್ನು ಕರೆದುಕೊಂಡು, ಬಿರುಸಾಗಿ ನಡೆಯಬೇಕು, ಕೈಬೀಸಬೇಕು, ಕೈಯಲ್ಲಿ ಏನೂ ಹಿಡಿಯಬಾರದು ಎಂದು ಹೇಳಿ ಓಣಿಯಲ್ಲಿ ಹೊರಟಿದ್ದಳು. ಈ ಕಡೆ ಹೆಂಗಸು ಬರಿಗೈಯಲ್ಲಿ ರಸ್ತೆಗೆ ಇಳಿಯುವುದಿಲ್ಲ. ಕೊಡ ಇರಬೇಕು, ಚೀಲ ಇರಬೇಕು, ಇಲ್ಲ ಸೊಂಟದ ಮೇಲೆ ಕೂಸಿರಬೇಕು. ಆರು ಜನ ಬರಿಗೈಯಲ್ಲಿ, ಮಾತಿಲ್ಲದೆ, ಲಗುಬಗೆಯಿಂದ ಒಂದೇ ದಿಕ್ಕಿಗೆ ಹೊರಟರೆ ಅದಕ್ಕೆ ಒಂದೇ ಅರ್ಥ. ಮೂಲೆಯ ಕಿರಾಣಿಯವನು ಶಟರ್ ಎಳೆದು ಹೆಗಲ ಮೇಲೆ ಟವೆಲ್ ಹಾಕಿಕೊಂಡು ಹಿಂದೆ ಬಂದ. ಅವನನ್ನು ನೋಡಿ ಇಬ್ಬರು ಮುದುಕರು ಬಂದರು. ಮಸೀದಿ ತಿರುವಿಗೆ ಬರುವಷ್ಟರಲ್ಲಿ ಹಿಂದೆ ಹದಿನಾಲ್ಕು ಜನ ತಲೆ ತಗ್ಗಿಸಿ ನಡೆಯುತ್ತಿದ್ದರು, ಅವರಲ್ಲೊಬ್ಬ ಹತ್ತಿರ ಬಂದು ದನಿ ತಗ್ಗಿಸಿ, “ಮಣ್ಣು ಎಷ್ಟೊತ್ತಿಗ್ರಿ ಅಕ್ಕೋರ?” ಎಂದು ಕೇಳಿದ. ಯಾರೂ ಸತ್ತಿಲ್ಲ, ಸಾಯಬಾರದೆಂದೇ ನಡೆಯುತ್ತಿದ್ದೇವೆ ಎಂದು ಅವಳು ಅಲ್ಲೇ ನಿಂತು ಎರಡು ನಿಮಿಷ ಭಾಷಣ ಮಾಡಿದಳು. ಕಿರಾಣಿಯವನು ಹಾಳಾದ ವ್ಯಾಪಾರ ನೆನೆದು ಗೊಣಗುತ್ತ ಹೋದ. ಮರುದಿನ ಐವರಲ್ಲಿ ಒಬ್ಬಳೂ ಬರಲಿಲ್ಲ.

ಪ್ಲಾಟ್‌ಫಾರಂ ತೋರಿಸಿದ್ದು ಅನಸುಬಾಯಿ. ಅರವತ್ತರ ಹತ್ತಿರದ ಹೆಂಗಸು, ಒಂದು ಎಮ್ಮೆ, ಒಬ್ಬ ಗಂಡ, ಇಬ್ಬರು ಗಂಡುಮಕ್ಕಳನ್ನು ಸಾಕಿದವಳು. ಮಾತಿನಲ್ಲಿ ಎಮ್ಮೆಗಷ್ಟೇ ಮರ್ಯಾದೆ ಕೊಡುತ್ತಾಳೆ. ಸ್ಟೇಷನ್ನಿನಲ್ಲಿ ನಿಂತ ಹೆಂಗಸನ್ನು ಯಾಕೆ ನಿಂತೆ ಎಂದು ಯಾರೂ ಕೇಳುವುದಿಲ್ಲ, ಯಾರನ್ನೋ ಕರೆಯಲಿಕ್ಕೆ ಬಂದಿರುತ್ತಾಳೆ ಎಂದು ಅವಳ ವಾದ. ಹಾಗೆ ಶ್ರೀವಿದ್ಯಾ ಸೇರಿ ಹನ್ನೊಂದು ಜನ ಕೈಯಲ್ಲೊಂದು ಖಾಲಿ ಚೀಲ ಹಿಡಿದು, ಪ್ಲಾಟ್‌ಫಾರಂ ಟಿಕೆಟ್ ತೆಗೆದುಕೊಂಡು, ಸೋಲಾಪುರದ ಪ್ಯಾಸೆಂಜರ್ ಬರುವ ಮುಂಚಿನ ಅರ್ಧ ತಾಸು ಈ ತುದಿಯಿಂದ ಆ ತುದಿಗೆ ನಡೆಯತೊಡಗಿದರು. ಗಾಡಿ ಬಂದು ನಿಂತಾಗ ಡಬ್ಬಿಗಳೊಳಗೆ ಇಣುಕಿ, ಇವತ್ತೂ ಬರಲಿಲ್ಲ ನೋಡು ಎಂದು ತಲೆಯಾಡಿಸಿ ಮನೆಗೆ ಹೋಗುತ್ತಿದ್ದರು. ಟಿಕೆಟ್ ನೋಡುವ ದೇವಾನಂದ ಎರಡು ತಿಂಗಳು ಸುಮ್ಮನಿದ್ದು, ಒಂದು ದಿನ ಯಾರಿಗಾಗಿ ಕಾಯುತ್ತೀರಿ ಎಂದ. ನಮ್ಮ ಅವ್ವನ ತಂಗಿ, ಸೋಲಾಪುರದ ಮೌಶಿ ಎಂದಳು ಅನಸುಬಾಯಿ. ಹನ್ನೊಂದೂ ಜನರಿಗೂ ಮೌಶಿಯೇ ಎಂದು ಅವನು. ಭಾಳ ಜನ ಅಕ್ಕತಂಗೇರು ಎಂದು ಅನಸುಬಾಯಿ. ಅವನು ಹೆಸರು ಕೇಳಿದಾಗ ಹೊಲಿಗೆಯ ತಾಜುನ್ನಿಸಾ ತಡವರಿಸದೆ, “ಭಾಮಾ” ಎಂದುಬಿಟ್ಟಳು. ಶ್ರೀವಿದ್ಯಾಳ ಕೈಯಿಂದ ಚೀಲ ಬಿದ್ದಿತು. ಭಾಮಾ ಎನ್ನುವುದು ಯಾರಿಗೂ ಇರಬಹುದಾದ ಹೆಸರು, ಬಾಯಿಗೆ ಬಂದಿರಬೇಕು ಎಂದು ಆ ರಾತ್ರಿ ತನಗೆ ತಾನೇ ಎಷ್ಟೋ ಸಲ ಹೇಳಿಕೊಂಡಳು. ಅದೇ ವಾರದಿಂದ ತಾಜುನ್ನಿಸಾ ನಡಿಗೆಯ ಕೊನೆಗೆ ಎಲ್ಲರಿಗೂ ಹಂಚುವ ಶೇಂಗಾ ಚಿಕ್ಕಿಯನ್ನು ಅವಳಿಗೆ ಮಾತ್ರ ಕೊಡದೆ ಮುಂದಿನವಳಿಗೆ ದಾಟಿಸತೊಡಗಿದಳು. ಸಕ್ಕರೆ ಕಾಯಿಲೆಯವಳಿಗೆ ಅದು ಒಳ್ಳೆಯದೇ ಆಯಿತು. ಆದರೆ ಅಂಥದ್ದೇನು ಅಂದೆ ನಾನು, ಯಾವ ಮಾತು ಚುಚ್ಚಿತು ಅವಳಿಗೆ ಎಂದು ಪ್ರತಿ ಸಂಜೆ ತನ್ನ ಹಳೆಯ ಮಾತುಗಳನ್ನೆಲ್ಲ ತಿರುವಿ ಹಾಕುತ್ತಿದ್ದಳು. ಕೇಳುವ ಧೈರ್ಯವಾಗಲಿಲ್ಲ.

ನಾಲ್ಕೂವರೆಗೆ ಮನೆಯಿಂದ ಹೊರಬಿದ್ದಳು. ಅಂಕಿ ಇಳಿಯಲೆಂದು ಮಧ್ಯಾಹ್ನ ಊಟ ಬಿಟ್ಟಿದ್ದಳು, ಹಾಗೆ ಬಿಡಬಾರದೆಂದು ತಾನೇ ನೂರು ಸಭೆಗಳಲ್ಲಿ ಹೇಳಿದ್ದಳು. ಇವತ್ತು ಏಕಾದಶಿ, ಏಕಾದಶಿಗೆ ನಾವು ರಕ್ತ ತೆಗೆಸಿಕೊಳ್ಳುವುದಿಲ್ಲ ಎಂದರೆ ಹೇಗೆ ಎಂದು ದಾರಿಯಲ್ಲಿ ಹೊಳೆಯಿತು. ಹದಿನೈದು ದಿನದ ಹಿಂದೆ ಚಂದಾ ಎತ್ತುವವರಿಂದ ತಪ್ಪಿಸಿಕೊಳ್ಳಲು ಒಂದು ಏಕಾದಶಿ ಹೇಳಿದ್ದಳು, ಅದರ ನಾಲ್ಕನೇ ದಿನ ನಿಜವಾದ ಏಕಾದಶಿ ಬಂದು ಅನಸುಬಾಯಿ ನಿಮ್ಮ ದೇವರು ಭಾಳ ಉಪವಾಸ ಕೆಡವುತ್ತಾನೆ ಎಂದಿದ್ದಳು. ಅದೂ ಆಗುವುದಿಲ್ಲ. ಕೊಟ್ಟಿಗೆಯ ತಿರುವಿಗೆ ಬಂದು ಕಳ್ಳನೋಟ ಹಾಯಿಸಿದರೆ ಗೋಡೆ ಬೋಳು. ಒಣಗಿದ ಕುಳ್ಳುಗಳನ್ನೆಲ್ಲ ಕಿತ್ತು ಒಟ್ಟಿದ್ದರು, ‘ಬರುವುದಿಲ್ಲ’ ಎನ್ನುವುದು ಸಂಜೆ ಬಿಸಿಲಿನಲ್ಲಿ, ಸಗಣಿಯ ದುಂಡು ಕಲೆಗಳ ನಡುವೆ, ಸ್ಪಷ್ಟವಾಗಿ ಕಾಣುತ್ತಿತ್ತು. ಅವಳಿಗೆ ಅಳು ಬಂತು. ಆಚೀಚೆ ನೋಡಿ, ಕೊಟ್ಟಿಗೆಯ ಮುಂದಿದ್ದ ಹಸಿ ಸಗಣಿಯ ಗುಡ್ಡೆಯತ್ತ ಎರಡು ಹೆಜ್ಜೆ ಇಟ್ಟು, ನಿಜವಾಗಿಯೂ ಕೈಚಾಚಿದಳು. ಎಮ್ಮೆ ತಲೆಯೆತ್ತಿ ನೋಡಿತು. ಸರಕಾರದ ಸಂಬಳ ತೆಗೆದುಕೊಳ್ಳುವ ತಾನು ಇಸ್ತ್ರಿ ಸೀರೆಯಲ್ಲಿ ಸಗಣಿಗೆ ಬಗ್ಗಿ ನಿಂತದ್ದು ಕಂಡು ನಾಚಿಕೆಯಾಗಿ, ಸೆರಗು ಸರಿಮಾಡಿಕೊಂಡು ಸ್ಟೇಷನ್ನಿನ ಕಡೆ ನಡೆದಳು.

ಕಟ್ಟೆಯ ಮೇಲೆ ಹತ್ತೂ ಜನ ಖಾಲಿ ಚೀಲ ತೊಡೆಯ ಮೇಲಿಟ್ಟು ಕೂತಿದ್ದರು. ಲುಂಬಿನಿ ಮಷಿನ್, ಸ್ಟ್ರಿಪ್, ಹತ್ತಿ ಎಲ್ಲ ಹರವಿಕೊಂಡಿದ್ದಳು. ಶ್ರೀವಿದ್ಯಾ ನಗುತ್ತ ಬಂದು, ಮೊದಲು ತಾಜ್ ಆಪಾ ಬರಲಿ, ಅವರಿಗೆ ಹೊಲಿಗೆ ಕೆಲಸ ಇರುತ್ತದೆ ಎಂದಳು. ಯಾರೂ ಏಳಲಿಲ್ಲ. ಲಸಿಕೆಯ ಕಾಲದಲ್ಲಿ ಇದೇ ಅನಸುಬಾಯಿ ಕಂಬ ಹಿಡಿದು ನಿಂತು, “ಮೊದಲ ನೀವು ಹಾಕ್ಕೋರಿ ಅಕ್ಕೋರ. ನೀವು ಉಳದ್ರ ನಾಳಿಗಿ ನಾ ಹಾಕ್ಕೋತೀನಿ” ಎಂದಿದ್ದಳು. ಶ್ರೀವಿದ್ಯಾ ಅವರೆದುರಿಗೇ ತೋಳು ಒಡ್ಡಿದ್ದಳು, ಮರುದಿನ ಉಳಿದಿದ್ದೇನೆಂದು ತೋರಿಸಲು ಓಣಿಯಲ್ಲಿ ಎರಡು ಸಲ ಓಡಾಡಿದ್ದಳು, ಆಮೇಲೆ ಇಡೀ ವಾರ್ಡು ಸಾಲು ಹಚ್ಚಿತ್ತು. ಜಂತುಹುಳದ ಗುಳಿಗೆಯಿಂದ ಹಿಡಿದು ಎಲ್ಲವೂ ಅಂದಿನಿಂದ ಹಾಗೆಯೇ, ಮೊದಲು ಅಕ್ಕೋರು. ಆರು ತಿಂಗಳ ಹಿಂದಿನ ಪರೀಕ್ಷೆಯಲ್ಲಿ ಒಂದು ಸ್ಟ್ರಿಪ್ ಕಡಿಮೆ ಬಿದ್ದಾಗ ಮಾತ್ರ ಅವಳು ದೊಡ್ಡ ಮನಸ್ಸು ಮಾಡಿ, ನನ್ನದು ಬಿಡಿ, ನನಗೇನಾಗಿದೆ ಎಂದಿದ್ದಳು. ಇವತ್ತು ಲುಂಬಿನಿ ಎರಡು ಸ್ಟ್ರಿಪ್ ಹೆಚ್ಚೇ ತಂದಿದ್ದಳು.

ಕೈ ಮುಂದೆ ಚಾಚುವಾಗ ತನ್ನ ಬೆರಳಿನ ತುದಿಯಲ್ಲಿ ಬೆಳಿಗ್ಗೆ ಚುಚ್ಚಿಕೊಂಡ ಎರಡು ಚುಕ್ಕೆ ಇರುವುದು ಅವಳಿಗೆ ಕಂಡಿತು, ಲುಂಬಿನಿಗೂ ಕಂಡಿತು. ಲುಂಬಿನಿ ಪಕ್ಕದ ಬೆರಳಿಗೆ ಚುಚ್ಚಿದಳು. ಐದು ಸೆಕೆಂಡು. ಮಷಿನ್ ಕುಯ್ಯೆಂದಿತು. ಹುಡುಗಿ ಅದನ್ನು ನೋಡಿ, ಅಂಗೈಯಲ್ಲಿ ಮುಚ್ಚಿಕೊಂಡು, ಸ್ಟ್ರಿಪ್ ಕೆಟ್ಟಿದೆಯೇನೋ ಎಂದು ಪಿಸುಗುಟ್ಟಿದಳು. ಸುಳ್ಳು ಹೇಳಲಿಕ್ಕೆ ಬಾರದ ಹುಡುಗಿ ತನಗಾಗಿ ಹೇಳಿದ ಸುಳ್ಳು ಅದು ಎಂದು ಶ್ರೀವಿದ್ಯಾಳಿಗೆ ತಿಳಿಯಿತು, ಅದನ್ನು ಮಾತ್ರ ತಡೆದುಕೊಳ್ಳಲಾಗಲಿಲ್ಲ. ಮಷಿನ್ ಇಸಿದುಕೊಂಡು ತಾನೇ ಎತ್ತಿ ಹಿಡಿದು ಓದಿದಳು.

“ಇನ್ನೂರ ಇಪ್ಪತ್ತಾರು. ನನಗ ಸಕ್ರಿ ಬ್ಯಾನಿ ಅದ.”

ಹತ್ತು ಜನರೂ ಅವಳ ಮುಖ ನೋಡಿದರು. ಒಬ್ಬೊಬ್ಬರಾಗಿ ಎದ್ದು ಹೋಗುವುದನ್ನು ಅವಳು ಕಾಯುತ್ತ ನಿಂತಳು. ಅನಸುಬಾಯಿ ಬೆರಳು ಮಡಚಿ ಏನೋ ಎಣಿಸಿ, “ಹ್ವಾದ ತಿಂಗಳ ಇನ್ನೂರ ಅರವತ್ತ ಇತ್ತಲ್ರಿ. ಕಮ್ಮಿ ಆಗ್ಯಾದ ಬಿಡ್ರಿ” ಎಂದಳು.

ಶ್ರೀವಿದ್ಯಾ ಕಟ್ಟೆಯ ಮೇಲೆ ಕೂತುಬಿಟ್ಟಳು. ವಿಷಯ ತಾಜುನ್ನಿಸಾಳ ಬಾಯಿಂದ ಬಂತು. ಅವಳ ಅಣ್ಣನ ಮಗ ನಯೀಮ ಶಹಾಬಾದಿನ ಔಷಧಿ ಅಂಗಡಿಯಲ್ಲಿರುತ್ತಾನೆ. ವಾಡಿಯ ಅಕ್ಕೋರು ಭಾಮಾ ಎಂಬ ಹೆಸರಿನಲ್ಲಿ ಗುಳಿಗೆ ಒಯ್ಯುತ್ತಾರೆ, ಚೀಟಿಯ ಮೇಲೆ ಇಷ್ಟಿಷ್ಟು ಇರುತ್ತದೆ ಎಂದು ಮೊದಲ ತಿಂಗಳೇ ಬಂದು ಹೇಳಿದ್ದ. ಇವಳು ಅವನ ಕಿವಿ ಹಿಂಡಿ, ಮತ್ತೆ ಯಾರಿಗೂ ಹೇಳಬೇಡ ಎಂದು ಗದರಿ, ತಾನು ಒಂಬತ್ತು ಜನರಿಗೆ ಮಾತ್ರ ಹೇಳಿದ್ದಳು, ಆಮೇಲೆ ತಿಂಗಳಿಗೊಮ್ಮೆ ಹೊಸ ಅಂಕಿಯನ್ನೂ ಅವನಿಂದ ಕೇಳಿ ತರುತ್ತಿದ್ದಳು. ದೇವಾನಂದ ಹೆಸರು ಕೇಳಿದಾಗ ತಲೆಯಲ್ಲಿ ಅದೊಂದೇ ಹೆಸರು ಓಡುತ್ತಿತ್ತು, ಜಾರಿಬಿಟ್ಟಿತು, ತಪ್ಪಾಯಿತು ಎಂದಳು. ಮತ್ತೆ ಚಿಕ್ಕಿ? “ಬೆಲ್ಲ ಹಾಕಿರ್ತೀನಲ್ರಿ ಅದಕ. ನಿಮಗ ಕೊಡಲಾರದ ನನಗರೆ ಗಂಟಲದಾಗ ಇಳೀತಿತ್ತೇನು” ಎಂದು ತಾಜುನ್ನಿಸಾ ಬೇರೆ ಕಡೆ ನೋಡಿದಳು. ನಾಲ್ಕು ತಿಂಗಳು ತಾನು ಸಿಟ್ಟೆಂದು ತಿಳಿದು ನವೆದದ್ದು ಇದಕ್ಕೋ ಎಂದು ಶ್ರೀವಿದ್ಯಾಳಿಗೆ ಸಂತೋಷವೂ ಆಯಿತು, ತನ್ನ ಗುಟ್ಟು ತನಗೊಬ್ಬಳಿಗೇ ಗುಟ್ಟಾಗಿತ್ತೆಂದು ಮುಖಭಂಗವೂ ಆಯಿತು. ಗೊತ್ತಿದ್ದೂ ಇವರು ಯಾಕೆ ನಡೆದರು ಎಂಬುದು ಮಾತ್ರ ತಿಳಿಯಲಿಲ್ಲ.

“ನಡದ್ರ ಬರಂಗಿಲ್ಲ ಅಂತ ಗ್ವಾಡಿ ಮ್ಯಾಲ ಬರಸೀನಿ. ನನಗ ಬಂದದ” ಎಂದಳು. “ಮತ್ತ ನೀವ್ಯಾಕ ಬಿಡಲಿಲ್ಲ?”

ಅನಸುಬಾಯಿಗೆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. “ಸಕ್ರಿ ಸಲುವಾಗಿ ಯಾರ ನಡೀಲಾಕತ್ತಾರ್ರಿ? ಈ ಅರ್ಧ ತಾಸು ನನಗ ಯಾರೂ ಚಾ ಮಾಡು ಅನ್ನಂಗಿಲ್ಲ. ಅದಕ ಬರ್ತೀನಿ.”

ಮತ್ತೆ ಆ ಕಾಲಿನ ಚಿತ್ರ ಒಯ್ದದ್ದು ಯಾಕೆ ಎಂದು ಕೇಳಿದಳು ಶ್ರೀವಿದ್ಯಾ. ಉತ್ತರ ನಾಲ್ಕಾರು ಬಾಯಿಂದ ಒಟ್ಟಿಗೇ ಬಂತು. ಚಿತ್ರ ಗಂಡಂದಿರಿಗಾಗಿ. ಎಲ್ಲಿಗೆ ಹೊರಟೆ ಎಂದರೆ ಒಲೆಯ ಹಿಂದಿನ ಗೋಡೆಗೆ ಅಂಟಿಸಿದ ಕತ್ತರಿಸಿದ ಕಾಲನ್ನು ತೋರಿಸಿದರೆ ಸಾಕು, ಸುಮ್ಮನಾಗುತ್ತಾರೆ. ಅನಸುಬಾಯಿಯ ಗಂಡ ನಾಮದೇವನಂತೂ ಒಂದು ಸಂಜೆ ಅವಳು ಬೇಸರದಿಂದ ಮಲಗಿದಾಗ ತಾನೇ ಚಪ್ಪಲಿ ತಂದು ಮುಂದೆ ಇಟ್ಟಿದ್ದನಂತೆ. ಇಪ್ಪತ್ತು ವರ್ಷ ಹೆಂಗಸರನ್ನು ಹೆದರಿಸಿದ್ದೇನೆಂದು ನಂಬಿದ್ದ ಶ್ರೀವಿದ್ಯಾ, ಹೆದರಿದವರು ಗಂಡಸರು ಎಂದು ಈಗ ತಿಳಿದುಕೊಂಡಳು. ಕಲಬುರಗಿಗೆ ಇದನ್ನು ಹೇಗೆ ಬರೆಯುವುದು, ಯಾವ ಕಾಲಮ್ಮಿನಲ್ಲಿ ಬರೆಯುವುದು. ನಾಳೆ ಖಾಜಾಮಿಯಾನನ್ನು ಕರೆದು ‘ಸಂಭವ ಕಡಿಮೆ’ ಎಂದು ತಿದ್ದಿಸಬೇಕು. ಅನಸುಬಾಯಿಗೆ ಕುಳ್ಳು ತಟ್ಟಲು ಬೇರೆ ಜಾಗ ನೋಡಿಕೊಳ್ಳಲು ಹೇಳಬೇಕು. ಹೊಟ್ಟೆ ಚುರುಗುಟ್ಟಿತು. ತಾಜುನ್ನಿಸಾ ಚೀಲದಿಂದ ಪೊಟ್ಟಣ ತೆಗೆದು ಅವಳ ಮಡಿಲಲ್ಲಿ ಇಟ್ಟಳು. ಬೆಲ್ಲವಿಲ್ಲದ, ಉಪ್ಪು ಹಚ್ಚಿ ಹುರಿದ ಶೇಂಗಾ. ಪ್ರತಿದಿನ ತರುತ್ತಿದ್ದಳಂತೆ, ಏನೆಂದು ಹೇಳಿ ಕೊಡಬೇಕೆಂದು ತಿಳಿಯದೆ ಹಾಗೇ ಒಯ್ಯುತ್ತಿದ್ದಳಂತೆ. ಶ್ರೀವಿದ್ಯಾ ತಲೆ ತಗ್ಗಿಸಿ ಎಲ್ಲ ತಿಂದಳು, ಕಣ್ಣೊರೆಸಿಕೊಂಡ ಕೈಯ ಉಪ್ಪು ತಾಕಿ ಕಣ್ಣು ಇನ್ನಷ್ಟು ಉರಿಯಿತು.

ಉಳಿದ ಹತ್ತು ಬೆರಳು ಬೇಗ ಮುಗಿದವು. ಹನ್ನೊಂದು ಚೀಲ, ಹನ್ನೊಂದು ಟಿಕೆಟ್, ಬಿರುಸು ನಡಿಗೆ. ಎರಡನೇ ಸುತ್ತಿನಲ್ಲಿ ಸೋಲಾಪುರದ ಪ್ಯಾಸೆಂಜರ್ ಬಂತು, ಇಳಿಯುವವರು ಇಳಿದರು, ಹೋಯಿತು. ದೇವಾನಂದ ಎಂದಿನ ಹಾಗೆ ಕರಿಕೋಟಿನ ಗುಂಡಿ ತಿರುವುತ್ತ ಬಂದು, ಯಾವಾಗಲೂ ಕೇಳುವುದನ್ನೇ ಕೇಳಿದ.

“ಏನ್ರಿ, ಭಾಮಾ ಮೌಶಿ ಇವತ್ತರೆ ಬಂದ್ರೇನು?”

ಎಲ್ಲರೂ ಎಂದಿನಂತೆ ತಲೆಯಾಡಿಸಲು ಸಿದ್ಧರಾದರು. ಶ್ರೀವಿದ್ಯಾ ಒಂದು ಹೆಜ್ಜೆ ಮುಂದೆ ಬಂದು ಚೀಲವನ್ನು ಆ ಕೈಯಿಂದ ಈ ಕೈಗೆ ತೆಗೆದುಕೊಂಡಳು.

“ಬಂದೀನ್ರಿ” ಎಂದಳು.

ದೇವಾನಂದ ಅವಳನ್ನೂ, ಹೊರಟುಹೋದ ಗಾಡಿಯನ್ನೂ, ಅವಳ ಕೈಯಲ್ಲಿನ ಖಾಲಿ ಚೀಲವನ್ನೂ ನೋಡಿದ. ಆರು ತಿಂಗಳಿಂದ ದಿನಾ ನೋಡುತ್ತಿದ್ದ ಹೆಂಗಸು. ಗುಂಡಿ ತಿರುವುವುದನ್ನು ನಿಲ್ಲಿಸಿ, ಮೌಶಿ ಬಂದಮೇಲೆ ಇನ್ನು ನಿಮಗೆ ಸ್ಟೇಷನ್ನಿನಲ್ಲಿ ಕೆಲಸವೇನೂ ಉಳಿಯಲಿಲ್ಲವಲ್ಲ ಎಂದು ಅನುಮಾನದಿಂದ ಕೇಳಿದ. ಹತ್ತು ಜನರೂ ಅನಸುಬಾಯಿಯ ಕಡೆ ತಿರುಗಿದರು. ಅವಳು ಆಗಲೇ ಆ ತುದಿಯ ಕಡೆ ಕೈಬೀಸುತ್ತ ಹೊರಟಿದ್ದಳು, ತಿರುಗಿಯೂ ನೋಡದೆ ಹೇಳಿದಳು.

“ನಾಳಿಂದ ಆಕಿನ್ನ ಕಳಸ್ಲಾಕ ಬರ್ತೀವ್ರಿ ಸಾಹೇಬ್ರ.”